ಪಕ್ಕದ ಮನೆ ನಿಂತಿದೆ ಎಂದ ಮಾತ್ರಕ್ಕೆ

ದೊಡ್ಡಪ್ಪ: (ಫಾರ್ವರ್ಡ್ ಸಂದೇಶ) ಎರಡು ಅಂತಸ್ತಿನ ಮನೆಗೆ ಮಣ್ಣಿನ ಪರೀಕ್ಷೆ ಬೇಕಿಲ್ಲ. ಅಕ್ಕಪಕ್ಕದ ಮನೆಗಳು ಗಟ್ಟಿಯಾಗಿದ್ದರೆ ಸಾಕು. ಆ ಹಣವನ್ನು ಕಬ್ಬಿಣಕ್ಕೆ ಹಾಕಿ. ಎಲ್ಲರಿಗೂ ಕಳುಹಿಸಿ.

ಅಣ್ಣ: ನಮ್ಮ ಮೇಸ್ತ್ರಿಯೂ ಹೀಗೇ ಹೇಳಿದರು. ಐದು ಅಡಿ ಅಗೆದು ಗಟ್ಟಿ ನೆಲ ಸಿಕ್ಕರೆ ಪಾಯ ಹಾಕೋಣ ಎಂದರು.

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನು ಬೇರೆಯವರಿಗೆ ಕಳುಹಿಸಬೇಡಿ. ಅಣ್ಣ, ಮನೆಯ ಭಾರ ಪಾಯದ ತಳದಲ್ಲೇ ನಿಲ್ಲುವುದಿಲ್ಲ. ಪಾಯದ ಅಗಲದ ಒಂದೂವರೆ, ಎರಡು ಪಟ್ಟು ಆಳದವರೆಗೂ ಇಳಿಯುತ್ತದೆ. ಮೇಲೆ ಗಟ್ಟಿ ಪದರ, ಅದರಡಿ ಮೆತ್ತನೆಯ ಜೇಡಿ ಇದ್ದರೆ ಗುಂಡಿಯಲ್ಲಿ ನಿಂತು ನೋಡಿದವರಿಗೆ ತಿಳಿಯುವುದೇ ಇಲ್ಲ.

ದೊಡ್ಡಪ್ಪ: ನಾವು ಕಟ್ಟಿದಾಗ ಯಾರು ಪರೀಕ್ಷೆ ಮಾಡಿಸಿದ್ದರು? ಇಂದಿಗೂ ಒಂದು ಬಿರುಕಿಲ್ಲ.

ನಾನು: ನಿಮ್ಮದು ಗರಸು ನೆಲ, ದೊಡ್ಡಪ್ಪ. ಅಣ್ಣನ ನಿವೇಶನದಲ್ಲಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಸಣ್ಣ ಮನೆಗೇ ಇದರ ಕಾಟ ಹೆಚ್ಚು. ಉಬ್ಬುವ ಮಣ್ಣನ್ನು ಅದುಮಿಡುವಷ್ಟು ಭಾರ ಅದಕ್ಕಿರುವುದಿಲ್ಲ.

ಚಿಕ್ಕಮ್ಮ: ಕಬ್ಬಿಣ ಹೆಚ್ಚು ಹಾಕಿದರೆ ಆಗದೇ?

ನಾನು: ಚಿಕ್ಕಮ್ಮ, ಅಡಿಯ ಮಣ್ಣೇ ಇಳಿದರೆ ಕಬ್ಬಿಣವೊಂದೇ ಸಾಲದು. ಇಡೀ ಮನೆ ಒಂದೇ ಸಮನಾಗಿ ತುಸು ಕುಸಿದರೆ ಅಷ್ಟು ತೊಂದರೆಯಿಲ್ಲ. ಒಂದು ಮೂಲೆ ಇಳಿದು ಇನ್ನೊಂದು ನಿಂತರೆ ಗೋಡೆ ಸೀಳುತ್ತದೆ. 1173ರಲ್ಲಿ ಕಟ್ಟಲು ಆರಂಭಿಸಿದ ಪೀಸಾದ ಗೋಪುರ ವಾಲಿದ್ದು ಕಲ್ಲಿನ ದೋಷದಿಂದಲ್ಲ, ಅಡಿಯಲ್ಲಿದ್ದ ಮೆತ್ತನೆಯ ಮಣ್ಣಿನಿಂದ.

ಅಣ್ಣ: ಪರೀಕ್ಷೆಗೆ ಒಂದು ಚೀಲ ಮಣ್ಣು ಕೊಟ್ಟರೆ ಸಾಕೇ?

ನಾನು: ಹಾಗೆ ಕೊಡುವುದು ಬೆಳೆಗಾಗಿ ಮಾಡಿಸುವ ಮಣ್ಣಿನ ಪರೀಕ್ಷೆಗೆ. ಇಲ್ಲಿ ನೆಲ ಕೊರೆದು, 63.5 ಕಿಲೋ ಸುತ್ತಿಗೆಯನ್ನು ಸುಮಾರು 75 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ ಕೊಳವೆಯನ್ನು ಇಳಿಸುತ್ತಾರೆ. ಮೊದಲ 15 ಸೆಂಟಿಮೀಟರ್ ಬಿಟ್ಟು, ಮುಂದಿನ 30ಕ್ಕೆ ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಕೊಳವೆಯಲ್ಲಿ ಬಂದ ಮಣ್ಣು ಎಷ್ಟು ಉಬ್ಬುತ್ತದೆ, ಅಂತರ್ಜಲ ಎಷ್ಟು ಆಳದಲ್ಲಿದೆ, ಕಾಂಕ್ರೀಟನ್ನು ತಿನ್ನುವ ಸಲ್ಫೇಟ್ ಇದೆಯೇ ಎಂಬುದನ್ನೂ ನೋಡಬೇಕು.

ದೊಡ್ಡಪ್ಪ: ಮಣ್ಣು ಸರಿಯಿಲ್ಲ ಎಂದು ಬಂದರೆ ನಿವೇಶನ ಮಾರಬೇಕೇನಮ್ಮ?

ನಾನು: ಖಂಡಿತ ಬೇಡ ದೊಡ್ಡಪ್ಪ, ಪಾಯ ಬದಲಾಗುತ್ತದೆ ಅಷ್ಟೇ. ಇಡೀ ಮನೆಯಡಿ ಒಂದೇ ರಾಫ್ಟ್, ಅಂದರೆ ಅಗಲವಾದ ಕಾಂಕ್ರೀಟ್ ಹಾಸು ಹಾಕಬಹುದು, ಇಲ್ಲವೇ ತೇವ ಏರಿಳಿಯದ ಪದರದವರೆಗೆ ಪೈಲ್, ಅಂದರೆ ನೆಲದೊಳಗಿನ ಕಂಬ ಇಳಿಸಬಹುದು. ಅದನ್ನು ಎಂಜಿನಿಯರ್ ನಿರ್ಧರಿಸಲಿ. ಆದರೆ ಪಾಯದ ವಿನ್ಯಾಸಕ್ಕೆ ಕೂರುವ ಮೊದಲೇ ವರದಿ ಅವರ ಕೈಯಲ್ಲಿರಬೇಕು.

ಅಣ್ಣ: ಸರಿ, ಅಗೆಯುವ ಕೆಲಸ ಸದ್ಯಕ್ಕೆ ನಿಲ್ಲಿಸುತ್ತೇನೆ. ಎಲ್ಲಿ ಕೊರೆಸಲಿ?

ನಾನು: ಒಂದೇ ಕಡೆ ಕೊರೆಸಿ ಸುಮ್ಮನಾಗಬೇಡ. ಹಳೆಯ ಬಾವಿ ಮುಚ್ಚಿದ ಕಡೆ ಒಂದು ಇರಲೇಬೇಕು.

ದೊಡ್ಡಪ್ಪ: ಆ ಬಾವಿ ಎಲ್ಲಿತ್ತು ಎಂದು ನನಗೆ ಗೊತ್ತು. ಕೊರೆಯುವ ದಿನ ತಿಳಿಸಿ, ಬಂದು ತೋರಿಸುತ್ತೇನೆ.