ಕ್ಯಾಟ್ ಆಯ್ತು, ಇಂಟರ್‌ವ್ಯೂನಲ್ಲಿ ಹೇಳೋಕೆ ಏನೂ ಇಲ್ಲ

ತುಂಗಾತೀರ:
ಊರು ತೀರ್ಥಹಳ್ಳಿ ಹತ್ತಿರ. ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್‌ನಲ್ಲಿ 98 ಪರ್ಸೆಂಟೈಲ್. ಎರಡು ಐಐಎಂಗಳಿಂದ ಇಂಟರ್‌ವ್ಯೂ ಕರೆ ಬಂದಿದೆ. ಆದರೆ ನನ್ನಂಥ ಇಂಜಿನಿಯರ್ ಹುಡುಗರು ಅಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ, ಅಲ್ವಾ? ಒಂದು ತಿಂಗಳು ಯಾವುದಾದರೂ ಎನ್‌ಜಿಒ ಸೇರಿ ಸರ್ಟಿಫಿಕೇಟ್ ತಗೊಂಡರೆ ಉಪಯೋಗ ಆಗುತ್ತಾ? ಮನೆಯ ಎರಡು ಎಕರೆ ಅಡಿಕೆ ತೋಟ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಸಾಗರದವ:
ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಅಂಕ, ಕೆಲಸದ ಅನುಭವ ಎಲ್ಲ ಲೆಕ್ಕಕ್ಕೆ ಬರುತ್ತವೆ. ಅದನ್ನು ಈಗ ತಿದ್ದೋಕಾಗಲ್ಲ. ಇಂಟರ್‌ವ್ಯೂನಲ್ಲಿ ಡಿಗ್ರಿ ವಿಷಯ ಕೇಳಿದರೆ ಬೇಕಾಗುತ್ತೆ, ಥರ್ಮೋಡೈನಮಿಕ್ಸ್ ಪುಸ್ತಕ ಅಟ್ಟದಿಂದ ಇಳಿಸಿ.

ಚೇಣಿ ಲೆಕ್ಕ:
ಎನ್‌ಜಿಒ ಬೇಡ ಮಾರಾಯ್ರೆ. ಅದನ್ನೇ ಮಾಡಿ ಪೆಟ್ಟು ತಿಂದವನು ನಾನು. ಮೊದಲ ಸಲ ‘ಹಳ್ಳಿ ಮಕ್ಕಳಿಗೆ ಪಾಠ’ ಅಂತ ಫಾರಂನಲ್ಲಿ ತುಂಬಿದ್ದೆ. ಇಂಟರ್‌ವ್ಯೂನಲ್ಲಿ, ಎಷ್ಟು ಮಕ್ಕಳು, ಈಗ ಏನು ಓದುತ್ತಿದ್ದಾರೆ ಅಂದರು. ನಾನು ಹೋಗಿದ್ದೇ ನಾಲ್ಕು ಭಾನುವಾರ!

ಮರುವರ್ಷ ಆ ಸಾಲು ತೆಗೆದೆ. ಅಪ್ಪನ ಕಸುಬು ಕೃಷಿ ಅಂತ ನೋಡಿ ಒಬ್ಬರು, ಅಡಿಕೆ ನೀವೇ ಸುಲಿಸುತ್ತೀರಾ ಅಂತ ಕೇಳಿದರು. ಇಲ್ಲ, ಚೇಣಿಗೆ ಕೊಡುತ್ತೇವೆ ಅಂದೆ. ಹಾಗಂದರೇನು? ಶುರುವಾಯಿತು ನೋಡಿ. ಚೇಣಿದಾರರು, ಅಂದರೆ ಗುತ್ತಿಗೆ ಹಿಡಿದವರು, ಕ್ವಿಂಟಾಲ್ ಹಸಿ ಅಡಿಕೆಗೆ ನಮಗೆ ಇಷ್ಟು ಕೆ.ಜಿ. ಒಣ ಅಡಿಕೆ ಕೊಡಬೇಕು ಅಂತ ಮೊದಲೇ ಮಾತು. ನಮಗೆ ಆ ವರ್ಷ 12. ಕೊಯ್ಲು, ಸುಲಿತ, ಬೇಯಿಸೋದು, ಒಣಗಿಸೋದು ಎಲ್ಲ ಚೇಣಿದಾರರ ಪಾಲಿಗೆ. ಮೋಡ ಕವಿದು ಬೂಸ್ಟು ಹಿಡಿದರೆ ನಷ್ಟ ಅವರದು. 13 ಕೆ.ಜಿ. ಸಿಕ್ಕರೆ ಮೇಲಿನ ಒಂದು ಕೆ.ಜಿ.ಯೂ ಅವರದೇ. ಆದರೆ ಕೊಳೆರೋಗ ಬಂದು ಕಾಯಿ ಉದುರಿದರೆ, ದರ ಬಿದ್ದರೆ, ಹೊಡೆತ ನಮಗೆ. ಕೊಳೆಗೆ ಬೋರ್ಡೋ ದ್ರಾವಣ ಹೊಡೆಸಿದ ಖರ್ಚೂ ನಮ್ಮದೇ. ‘ಮತ್ತೆ ನೀವೇ ಯಾಕೆ ಮಾಡಬಾರದು?’ ಅಂಗಳ ಚಿಕ್ಕದು, ಸುಲಿಯುವವರು ಸಿಗಲ್ಲ, ಮಗ ಬೆಂಗಳೂರಿನಲ್ಲಿದ್ದಾನೆ ಅಂದೆ. ಮೂವರೂ ನಕ್ಕರು.

ಇದೆಲ್ಲ ಹುಟ್ಟಿನಿಂದ ಗೊತ್ತಿತ್ತು ಅಂದುಕೊಳ್ಳಬೇಡಿ. ಸಂಕ್ರಾಂತಿಗೆ ಹೋದಾಗ ಅಪ್ಪನ ಲೆಕ್ಕದ ಪುಸ್ತಕ ಹಿಡಿದು ಎರಡು ರಾತ್ರಿ ಕೂತಿದ್ದೆ. ಸೀಟು ಸಿಕ್ಕಿತು. ಅಡಿಕೆಯಿಂದಲೇ ಅಂತ ಹೇಳಲಾರೆ, ಆ ವರ್ಷ ಪರ್ಸೆಂಟೈಲೂ ಏರಿತ್ತು.

ತುಂಗಾತೀರ:
ನಮ್ಮದೂ ಚೇಣಿಯೇ. ಎಷ್ಟಕ್ಕೆ ಅಂತ ಕೇಳೋಕೆ ಈಗಷ್ಟೇ ಅಪ್ಪನಿಗೆ ಫೋನ್ ಮಾಡಿದೆ. ‘ಯಾಕೋ, ಕೆಲಸ ಬಿಟ್ಯಾ?’ ಅಂದರು.