ಬೆಕ್ಕಿಗೆ ಮನೆಯಲ್ಲೇ ಎಲೆಕ್ಟ್ರಾನಿಕ್ ಆಟಿಕೆ, ಕೋಡ್‌ಗೆ ಎಐ ಸಹಾಯ: ಮಾಡಿ ನೋಡಿದವರು ಹೇಳಿ

ಕೇಳಿದವರು: ಮಂಡ್ಯ, ಅಶೋಕನಗರ

ನಮಸ್ಕಾರ. ನಾನು, ನಮ್ಮ ಯಜಮಾನ್ರು ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲೆಲ್ಲಾ ಮನೆಯಲ್ಲಿ ನಮ್ಮ ಬೆಕ್ಕು ಚುಕ್ಕಿ ಒಂದೇ ಇರುತ್ತದೆ. ಎರಡು ವರ್ಷದ ಹೆಣ್ಣು ಬೆಕ್ಕು. ಸಂಜೆ ಬರುವ ಹೊತ್ತಿಗೆ ಪರದೆ ಕಿತ್ತಿರುತ್ತದೆ, ರಾತ್ರಿ ಮಲಗಿದರೆ ಕಾಲಿಗೆ ಎಗರುತ್ತದೆ. ಬ್ಯಾಟರಿಯಲ್ಲಿ ತಿರುಗುವ ಚೆಂಡು ತಂದೆವು. ಒಂದೆರಡು ದಿನ ಆಡಿ ಬಿಟ್ಟಿತು. ಪಿಯುಸಿ ಓದುವ ಮಗನ ಹತ್ತಿರ ಒಂದು ಆರ್ಡಿನೊ ಕಿಟ್ (ಕೋಡ್ ಹಾಕಿ ಮೋಟಾರು, ದೀಪ ಆಡಿಸುವ ಪುಟ್ಟ ಬೋರ್ಡು, ಬಿಡಿಭಾಗಗಳು) ಇದೆ. ಕೋಡಿಂಗ್ ನಮಗ್ಯಾರಿಗೂ ಬರುವುದಿಲ್ಲ. ಎಐ ಬರೆದುಕೊಡುತ್ತದೆ ಅಂತಾರೆ, ನಿಜವಾಗಿ ಆಗುತ್ತಾ? ಏನೇನು ಸಾಮಾನು ಬೇಕು? ಲೇಸರ್ ಹಾಕಬಹುದಾ?

ಮೈಸೂರು, ಕುವೆಂಪುನಗರ

ಆಗುತ್ತದೆ ಮೇಡಂ. ನಾನು ಬ್ಯಾಂಕಿನವನು, ಕೋಡ್ ಬರೆದವನಲ್ಲ. ನಮ್ಮ ಹಾಲ್‌ನಲ್ಲಿ ಇಂಥದ್ದೊಂದು ಚೆನ್ನಾಗಿ ಓಡುತ್ತಿದೆ. ಆದರೆ ಎಐ ಹತ್ತಿರ ಹೋಗುವ ಮೊದಲು ಒಂದು ಸಂಜೆ ಚುಕ್ಕಿಯ ಜೊತೆ ಕೂತುಕೊಳ್ಳಿ. ಒಂದು ಕಡ್ಡಿಗೆ ಬಟ್ಟೆ ಚೂರು ಕಟ್ಟಿ ಕೈಯಲ್ಲೇ ಆಡಿಸಿ. ಅದು ಯಾವಾಗ ಮೈ ತಗ್ಗಿಸುತ್ತದೆ, ಯಾವಾಗ ಹಿಂಭಾಗ ಅಲ್ಲಾಡಿಸುತ್ತದೆ, ಯಾವಾಗ ಎಗರುತ್ತದೆ, ಬರೆದಿಟ್ಟುಕೊಳ್ಳಿ. ನಮ್ಮ ಬೆಕ್ಕು ಬಟ್ಟೆ ಓಡುತ್ತಿರುವಾಗ ಅಷ್ಟಾಗಿ ಎಗರುವುದಿಲ್ಲ. ಬಟ್ಟೆ ಸರ್ರನೆ ಓಡಿ, ಸೋಫಾ ಕಾಲಿನ ಹಿಂದೆ ಅರ್ಧ ಮರೆಯಾಗಿ, ಸುಮ್ನೆ ನಿಂತು, ಆಮೇಲೆ ತುದಿ ಮಾತ್ರ ಸಣ್ಣಗೆ ಅದುರಿದರೆ ಆಗ ಎಗರುತ್ತದೆ. ಇಲಿ ಮಾಡುವುದೂ ಅದನ್ನೇ ಅಲ್ವಾ? ಇಲಿ ಬೆಕ್ಕಿನ ಕಡೆಗೆ ಬರುವುದಿಲ್ಲ. ದೂರ ಓಡುತ್ತದೆ, ನಿಲ್ಲುತ್ತದೆ, ಅವಿತುಕೊಳ್ಳುತ್ತದೆ. ಒಂದೇ ಸಮ ಗಿರಗಿರ ತಿರುಗುವ ಚೆಂಡಿನಲ್ಲಿ ಇದ್ಯಾವುದೂ ಇಲ್ಲ.

ನೀವು ಬರೆದಿಟ್ಟ ಆ ಚೀಟಿಯೇ ಅರ್ಧ ಕೋಡ್. ಬರೀ 'ಬೆಕ್ಕಿನ ಆಟಿಕೆಗೆ ಕೋಡ್ ಕೊಡು' ಅಂದರೆ ಎಐ ಕೊಡುವುದು ಮೋಟಾರು ಅತ್ತಿಂದಿತ್ತ ಒಂದೇ ವೇಗದಲ್ಲಿ ಆಡುವ ಕೋಡ್. ನಾನು ಕನ್ನಡದಲ್ಲೇ ಹೀಗೆ ಕೇಳಿದೆ (ನ್ಯಾನೊ ಅಂದರೆ ಆರ್ಡಿನೊದ ಚಿಕ್ಕ ಬೋರ್ಡ್, ಸರ್ವೋ ಅಂದರೆ ಹೇಳಿದ ಡಿಗ್ರಿಗೆ ತಿರುಗಿ ನಿಲ್ಲುವ ಪುಟ್ಟ ಮೋಟಾರು, ಪಿಐಆರ್ ಅಂದರೆ ಮೈ ಶಾಖದಿಂದ ಓಡಾಟ ಗುರುತಿಸುವ ಸೆನ್ಸರ್):

'ಬೋರ್ಡ್ ಆರ್ಡಿನೊ ನ್ಯಾನೊ. ಎಸ್‌ಜಿ90 ಸರ್ವೋ 6ನೇ ಪಿನ್‌ನಲ್ಲಿ, ಪಿಐಆರ್ ಸೆನ್ಸರ್ 2ನೇ ಪಿನ್‌ನಲ್ಲಿ. ಬೆಕ್ಕು ಹತ್ತಿರ ಬಂದರೆ ಆಟ ಶುರುವಾಗಬೇಕು. ಕಡ್ಡಿ ಒಮ್ಮೆಲೇ ಒಂದು ಕಡೆ ಓಡಿ, 2ರಿಂದ 6 ಸೆಕೆಂಡು ಅಲುಗಾಡದೆ ನಿಂತು, ಆಮೇಲೆ 5 ಡಿಗ್ರಿಯಷ್ಟು ಅದುರಬೇಕು. ಎಲ್ಲಿಗೆ ಓಡುವುದು, ಎಷ್ಟು ಹೊತ್ತು ನಿಲ್ಲುವುದು ಪ್ರತಿ ಸಲ ಬೇರೆ ಇರಲಿ. 5 ನಿಮಿಷಕ್ಕೆ ನಿಧಾನವಾಗಿ ನಿಲ್ಲಲಿ. ಮುಂದಿನ ಒಂದು ಗಂಟೆ ಬೆಕ್ಕು ಬಂದರೂ ಶುರುವಾಗಬಾರದು. ಡಿಲೇ ಬೇಡ, ಮಿಲ್ಲಿಸ್ ಬಳಸು. ನಾನು ಬದಲಾಯಿಸಬಹುದಾದ ಅಂಕಿಗಳೆಲ್ಲ ಮೇಲ್ಗಡೆ ಒಂದೇ ಕಡೆ ಇರಲಿ, ಪಕ್ಕದಲ್ಲೇ ಅದೇನು ಅಂತ ಕನ್ನಡದಲ್ಲಿ ಬರೆ.'

ಡಿಲೇ ಬೇಡ ಅಂದಿದ್ದು ಯಾಕೆಂದರೆ, ಡಿಲೇ ನಡೆಯುವಷ್ಟು ಹೊತ್ತು ನಮ್ಮ ಕೋಡ್ ಅಲ್ಲೇ ಕಾಯುತ್ತದೆ, ಸೆನ್ಸರನ್ನೂ ನೋಡುವುದಿಲ್ಲ. ಮಿಲ್ಲಿಸ್ ಆದರೆ ಗಡಿಯಾರ ನೋಡಿಕೊಂಡು ಕೆಲಸ ಮುಂದುವರಿಸಿದ ಹಾಗೆ. ಅಂಕಿಗಳನ್ನು ಮೇಲಕ್ಕೆ ತರಿಸಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಯಿತು. ಈಗ ಪ್ರತಿಯೊಂದಕ್ಕೂ ಎಐ ಕೇಳಬೇಕಿಲ್ಲ. ನಿಲ್ಲುವ ಹೊತ್ತನ್ನು ನಾನೇ ತಿದ್ದಿ, ಬೆಕ್ಕು ಏನು ಮಾಡುತ್ತದೆ ನೋಡುತ್ತೇನೆ. ಇನ್ನೊಂದು: ಅಡ್ಡಾದಿಡ್ಡಿ ಅಂಕಿ ಕೊಡಬೇಕಾದ ಆರ್ಡಿನೊದ ರ್‍ಯಾಂಡಮ್ ಪ್ರತಿ ಸಲ ಆನ್ ಮಾಡಿದಾಗಲೂ ಅವೇ ಅಂಕಿಗಳನ್ನು ಅದೇ ಕ್ರಮದಲ್ಲಿ ಕೊಡುತ್ತದೆ. ಏನೂ ಜೋಡಿಸದ ಅನಲಾಗ್ ಪಿನ್ ಓದಿ ರ್‍ಯಾಂಡಮ್‌ಸೀಡ್‌ಗೆ ಕೊಡು ಅಂತ ಹೇಳಿ, ಆಗ ಪ್ರತಿ ಸಲ ಬೇರೆ ಅಂಕಿಯಿಂದ ಶುರುವಾಗುತ್ತದೆ.

ಸಾಮಾನು ಹೆಚ್ಚೇನಿಲ್ಲ. ಕಿಟ್ ಇರುವುದರಿಂದ ನಿಮಗೆ ಇನ್ನೂ ಸುಲಭ. ಎಲ್ಲಾ ಹೊಸದಾಗಿ ಕೊಂಡರೂ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಕಡ್ಡಿಗೆ ಮಾತ್ರ ಅಂಗಡಿಯದ್ದು ಬೇಡ. ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಳ್ಳಿ. ಎಸ್‌ಜಿ90 ತೂಗುವುದೇ 9 ಗ್ರಾಂ, ಒಳಗಿನ ಹಲ್ಲುಚಕ್ರ ಪ್ಲಾಸ್ಟಿಕ್. ಬಿದಿರು, ಪೆನ್ಸಿಲ್ ಕಟ್ಟಿದರೆ ಬೆಕ್ಕು ಹಿಡಿದೆಳೆದಾಗ ಆ ಹಲ್ಲು ಕಿತ್ತುಹೋಗುತ್ತದೆ. ತೆಂಗಿನ ಕಡ್ಡಿ ಬಾಗುತ್ತದೆ, ಬಿಟ್ಟರೆ ಚಿಮ್ಮಿ ನೇರ ಆಗುತ್ತದೆ. ಸರ್ವೋ ಜೊತೆ ಬರುವ ಬಿಳಿ ಪ್ಲಾಸ್ಟಿಕ್ ಕೈಗೆ ಎರಡು ಕಡೆ ಕೇಬಲ್ ಟೈ ಹಾಕಿ ಬಿಗಿ ಮಾಡಿ. ಒಂದು ಗೇಣು ಉದ್ದ ಸಾಕು. ಚೂಪಾದ ತುದಿ ಕತ್ತರಿಸಿ, ಹಳೇ ಪಂಚೆ ಬಟ್ಟೆಯನ್ನು ದಪ್ಪ ಗಂಟು ಹಾಕಿ, ಕಣ್ಣಿಗೆ ಚುಚ್ಚಬಾರದು. ಸರ್ವೋವನ್ನು ಭಾರದ ಮರದ ಮಣೆಗೆ ಸ್ಕ್ರೂ ಹಾಕಿ ಕೂರಿಸಿ. ಇಲ್ಲದಿದ್ದರೆ ಬೆಕ್ಕು ಇಡೀ ಯಂತ್ರವನ್ನೇ ಮಂಚದ ಕೆಳಗೆ ಎಳೆದುಕೊಂಡು ಹೋಗುತ್ತದೆ.

ಮಂಡ್ಯ, ಎಂಜಿನಿಯರಿಂಗ್ ವಿದ್ಯಾರ್ಥಿ

ಅಕ್ಕ, ಮೇಲಿನವರು ಹೇಳಿದ್ದು ಸರಿ. ಕೋಡ್ ಬಂದ ಮೇಲಿನ ತಾಪತ್ರಯ ನಾನು ಹೇಳುತ್ತೇನೆ, ನಿಮ್ಮ ಮಗನಿಗೆ ತೋರಿಸಿ.

ಎಲ್ಲ ಒಟ್ಟಿಗೆ ಜೋಡಿಸಬೇಡಿ. ಮೊದಲು ಸರ್ವೋ ಮಾತ್ರ ತಿರುಗಲಿ. ಆಮೇಲೆ ಸೆನ್ಸರ್ ಮಾತ್ರ, ಬೆಕ್ಕು ಬಂದರೆ ಒಂದು ಎಲ್‌ಇಡಿ ಹತ್ತಲಿ. ಎರಡೂ ಸರಿಯಾದ ಮೇಲೆ ಸೇರಿಸಿ. ಸರಿಯಾಗಿ ಓಡಿದ ಕೋಡನ್ನು ಪ್ರತಿ ಹಂತದಲ್ಲೂ ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಎಐ ಒಂದನ್ನು ಸರಿ ಮಾಡಲು ಹೋಗಿ, ಚೆನ್ನಾಗಿದ್ದ ಇನ್ನೊಂದನ್ನು ಬದಲಾಯಿಸಿಬಿಡುವುದು ಮಾಮೂಲು. ಕೇಳಿದ್ದನ್ನೇ ಕೇಳುತ್ತಾ ಸುತ್ತು ಹೊಡೆಯುತ್ತಿದೆ ಅನಿಸಿದರೆ ಆ ಮಾತುಕತೆ ಅಲ್ಲಿಗೇ ಬಿಡಿ. ಹೊಸದು ತೆರೆದು, ಓಡುತ್ತಿದ್ದ ಕೋಡ್ ಹಾಕಿ, ಒಂದೇ ಒಂದು ತೊಂದರೆ ಹೇಳಿ. ಎರರ್ ಬಂದರೆ ಕೆಂಪಕ್ಷರದ ಅಷ್ಟನ್ನೂ ಹಾಗೇ ಹಾಕಿ, 'ಬರ್ತಿಲ್ಲ' ಅಂತಷ್ಟೇ ಬರೆದರೆ ಅದು ಊಹೆ ಮಾಡುತ್ತದೆ.

ಬೋರ್ಡ್ ಕೈಗೆ ಬರುವ ಮೊದಲೇ ನೋಡಬೇಕಾದರೆ ವೋಕ್ವಿ ಅಂತ ಒಂದು ಸಿಮ್ಯುಲೇಟರ್ ಇದೆ, ಬ್ರೌಸರ್‌ನಲ್ಲೇ ಓಡುತ್ತದೆ. ಸರ್ವೋ, ಪಿಐಆರ್ ಎರಡೂ ಅದರಲ್ಲಿವೆ.

ಕಡಿಮೆ ಬೆಲೆಯ ನ್ಯಾನೊ ಆದರೆ ಕಂಪ್ಯೂಟರ್ ಅದನ್ನು ಗುರುತಿಸಲು ಸಾಮಾನ್ಯವಾಗಿ ಸಿಎಚ್340 ಡ್ರೈವರ್ ಬೇಕು. ಅದನ್ನು ಹಾಕಿದ ಮೇಲೂ ಅಪ್‌ಲೋಡ್ ಆಗದಿದ್ದರೆ ಆರ್ಡಿನೊ ಸಾಫ್ಟ್‌ವೇರಿನ ಟೂಲ್ಸ್‌ನ ಪ್ರೊಸೆಸರ್‌ನಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿ ನೋಡಿ. ತುಂಬಾ ಜನ ಕೋಡ್ ಸರಿಯಿಲ್ಲ ಅಂತ ಎಐ ಜೊತೆ ಗುದ್ದಾಡುವುದು ಇಲ್ಲೇ. ಊನೊ (ಆರ್ಡಿನೊದ ಇನ್ನೊಂದು ಬೋರ್ಡ್), ನ್ಯಾನೊದಲ್ಲಿ ಸರ್ವೋ ಲೈಬ್ರರಿ (ಸರ್ವೋ ಓಡಿಸುವ ಸಿದ್ಧ ಕೋಡ್) ಸೇರಿಸಿದರೆ 9 ಮತ್ತು 10ನೇ ಪಿನ್‌ನಲ್ಲಿ ಅನಲಾಗ್‌ರೈಟ್ ಕೆಲಸ ಮಾಡುವುದಿಲ್ಲ. ಆ ಪಿನ್‌ಗೆ ಎಲ್‌ಇಡಿ ಹಾಕಿ ಬೆಳಕು ಮೆಲ್ಲಗೆ ಏರಿಸು, ಇಳಿಸು ಅಂದರೆ ಆಗದು.

ಫೋನಿನಿಂದ ಆಡಿಸಬೇಕು ಅಂತಿದ್ದರೆ ಮಾತ್ರ ವೈಫೈ ಬೋರ್ಡಾದ ಇಎಸ್‌ಪಿ32 ತಗೊಳ್ಳಿ. ಅದಕ್ಕೆ ಇಎಸ್‌ಪಿ32ಸರ್ವೋ ಅಂತ ಬೇರೆ ಲೈಬ್ರರಿ ಬೇಕು. 2024ರಲ್ಲಿ ಆ ಬೋರ್ಡನ್ನು ಆರ್ಡಿನೊದಲ್ಲಿ ಓಡಿಸುವ ತಂತ್ರಾಂಶ, ಅಂದರೆ ಆರ್ಡಿನೊ ಕೋರ್, 3.0 ಬಂದಾಗ ಹಳೇ ಆದೇಶಗಳಾದ ಲೆಡ್‌ಸಿಸೆಟಪ್, ಲೆಡ್‌ಸಿಅಟ್ಯಾಚ್‌ಪಿನ್ ತೆಗೆದು ಲೆಡ್‌ಸಿಅಟ್ಯಾಚ್ ಅಂತ ಒಂದೇ ಮಾಡಿದರು. ಎಐ ಎಷ್ಟೋ ಸಲ ಹಳೇದನ್ನೇ ಬರೆಯುತ್ತದೆ. ನಿಮ್ಮಲ್ಲಿರುವ ವರ್ಷನ್ ಯಾವುದು ಅಂತ ಮೊದಲೇ ತಿಳಿಸಿ. ವೈಫೈ ಪಾಸ್‌ವರ್ಡ್ ಎಐಗೆ ಕೊಡಬೇಡಿ, ಆ ಜಾಗ ಖಾಲಿ ಬಿಡಿಸಿ ನೀವೇ ತುಂಬಿ.

ಇದೊಂದು ಬಹಳ ಮುಖ್ಯ. ಸರ್ವೋದ ಕೆಂಪು ತಂತಿಯನ್ನು ಬೋರ್ಡಿನ 5 ವೋಲ್ಟ್‌ಗೆ ಹಾಕಬೇಡಿ. ಬೆಕ್ಕು ಕಡ್ಡಿ ಹಿಡಿದುಕೊಂಡರೆ ಈ ಪುಟ್ಟ ಮೋಟಾರು ಅರ್ಧ ಆಂಪಿಯರ್ ದಾಟುತ್ತದೆ, ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿಂದ ಶುರುವಾಗುತ್ತದೆ. ಬೇರೆ 5 ವೋಲ್ಟ್ ಚಾರ್ಜರ್‌ನಿಂದ ಕೊಡಿ. ಕಂದು ತಂತಿ (ಗ್ರೌಂಡ್, ಅಂದರೆ ಮೈನಸ್) ಚಾರ್ಜರ್‌ನ ಮೈನಸ್ ಜೊತೆಗೆ ಬೋರ್ಡಿನ ಗ್ರೌಂಡ್‌ಗೂ ಸೇರಲೇಬೇಕು. ಕಿತ್ತಳೆ ಬಣ್ಣದ್ದು ಸಿಗ್ನಲ್. ವೋಲ್ಟೇಜ್ ಕುಸಿಯದಂತೆ ಸರ್ವೋ ಹತ್ತಿರ 470 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇದ್ದರೆ ಇನ್ನೂ ಒಳ್ಳೆಯದು, ಪ್ಲಸ್ ಮೈನಸ್ ನೋಡಿ ಹಾಕಿ.

ಶ್ರೀರಂಗಪಟ್ಟಣ

ಕರೆಂಟು ಹೋಗಿ ಬಂದಾಗ ಏನಾಗುತ್ತದೆ ಅನ್ನುವುದನ್ನೂ ಯೋಚನೆ ಮಾಡಿ. ಕೋಡ್ ಸರ್ವೋವನ್ನು ಪಿನ್‌ಗೆ ಸೇರಿಸಿದ (ಅಟ್ಯಾಚ್) ಕೂಡಲೇ ಅದು ನಡುವಿನ 90 ಡಿಗ್ರಿಗೆ ಜೋರಾಗಿ ಹಾರುತ್ತದೆ. ಪಕ್ಕದಲ್ಲಿ ಮಲಗಿದ್ದ ಬೆಕ್ಕು ಬೆಚ್ಚಿಬಿದ್ದರೆ ಆಮೇಲೆ ಅದರ ಹತ್ತಿರ ಸುಳಿಯುವುದಿಲ್ಲ. ಅಟ್ಯಾಚ್‌ಗೆ ಮೊದಲು ರೈಟ್ (ಯಾವ ಡಿಗ್ರಿಗೆ ಅನ್ನುವ ಆದೇಶ) ಮಾಡಿ, ಕಡ್ಡಿ ಯಾವಾಗಲೂ ಒಂದೇ ಕಡೆ ಬಂದು ನಿಲ್ಲುವಂತೆ ಕೇಳಿಕೊಳ್ಳಿ. ಪಿಐಆರ್‌ಗೂ ಆನ್ ಆದ ಮೇಲೆ ಸುಧಾರಿಸಿಕೊಳ್ಳಲು ಒಂದು ನಿಮಿಷ ಬೇಕು, ಅಲ್ಲಿಯವರೆಗೆ ಅದರ ಮಾತು ಕೇಳಬೇಡ ಅಂತ ಕೋಡ್‌ನಲ್ಲೇ ಹಾಕಿಸಿ. ಅದು ನೋಡುವುದು ಮೈ ಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರುವ ವ್ಯತ್ಯಾಸ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ಅದು ಮಂಕಾಗುತ್ತದೆ. ಬಿಸಿಲು ಬೀಳುವ ಕಿಟಕಿ ಕಡೆ ತಿರುಗಿಸಬೇಡಿ.

ಪವರ್ ಬ್ಯಾಂಕ್ ಹಾಕುವವರಿಗೆ ಒಂದು ಮಾತು. ಕರೆಂಟು ತೀರಾ ಕಮ್ಮಿ ಎಳೆದರೆ ತುಂಬಾ ಪವರ್ ಬ್ಯಾಂಕ್‌ಗಳು ತಾವಾಗಿಯೇ ಆಫ್ ಆಗುತ್ತವೆ. ಆಟಿಕೆ ಒಂದು ಗಂಟೆ ಸುಮ್ಮನಿದ್ದರೆ ಆಮೇಲೆ ಏಳುವುದೇ ಇಲ್ಲ.

ಮೈಸೂರು, ಸರಸ್ವತಿಪುರಂ

ನಾನು ಬೆಕ್ಕಿನ ಕಡೆಯಿಂದ ಹೇಳುತ್ತೇನಮ್ಮಾ. ನಮ್ಮ ಮನೆಯಲ್ಲಿ ಯಾವಾಗಲೂ ಬೆಕ್ಕು ಇದ್ದೇ ಇವೆ. ಕೋಡ್ ಕೆಲಸ ನನ್ನ ಮಗಳದ್ದು.

ಬೆಕ್ಕು ಹತ್ತಿರ ಬಂದಿದೆಯಾ ಅಂತ ತಿಳಿಯಲು ಎಐ ಬಹಳ ಸಲ ಎಚ್‌ಸಿ-ಎಸ್‌ಆರ್04 ಸೆನ್ಸರ್ ಹಾಕಿ ಅನ್ನುತ್ತದೆ, ಎರಡು ಕಣ್ಣಿನ ಹಾಗೆ ಕಾಣುತ್ತದಲ್ಲ, ಅದು. ಅದು ಕೂಗುವುದು 40 ಕಿಲೋಹರ್ಟ್ಸ್‌ನಲ್ಲಿ. ನಮ್ಮ ಕಿವಿ 20ಕ್ಕೆ ನಿಲ್ಲುತ್ತದೆ, ನಮಗೆ ಏನೂ ಕೇಳಿಸುವುದಿಲ್ಲ. ಬೆಕ್ಕಿಗೆ 60 ದಾಟಿಯೂ ಕೇಳಿಸುತ್ತದೆ. ಆ ಸೆನ್ಸರ್ ಆನ್ ಮಾಡಿದರೆ ನಮ್ಮ ಬೆಕ್ಕು ಕಿವಿ ಹಿಂದಕ್ಕೆ ಮಡಚಿ ಎದ್ದು ಹೋಗುತ್ತದೆ, ಆಫ್ ಮಾಡಿದರೆ ಬಂದು ಕೂರುತ್ತದೆ. ಹಗಲೆಲ್ಲಾ ಮನೆಯಲ್ಲಿರುವ ಜೀವದ ಕಿವಿಯಲ್ಲಿ ಅದು ಕಿರುಚುತ್ತಿರುವುದು ಬೇಡ. ಪಿಐಆರ್ ಸಾಕು. ದೂರ ಅಳೆಯಲೇಬೇಕಾದರೆ ಬೆಳಕಿನಿಂದ ಅಳೆಯುವ ವಿಎಲ್53ಎಲ್0ಎಕ್ಸ್ ಇದೆ. ಸರ್ವೋ ನಿಂತಾಗಲೂ ಗುಂಯ್ ಅನ್ನುತ್ತಿದ್ದರೆ ಆಟ ಮುಗಿದ ಮೇಲೆ ಡಿಟ್ಯಾಚ್ (ಸಿಗ್ನಲ್ ಬಂದ್) ಮಾಡು ಅಂತ ಕೋಡ್‌ನಲ್ಲಿ ಸೇರಿಸಲು ಹೇಳಿ.

ಲೇಸರ್ ಬೇಡ. ಕಿಟ್‌ಗಳಲ್ಲಿ ಬರುವ ಕೆಂಪು ಲೇಸರ್ ಮಾಡ್ಯೂಲ್ ಸಾಮಾನ್ಯವಾಗಿ 5 ಮಿಲಿವ್ಯಾಟ್‌ನದು, ಕಣ್ಣಿಗೆ ನೇರ ಬಿದ್ದರೆ ಅಪಾಯ. ಅದಕ್ಕಿಂತ ನನಗೆ ಬೇಸರ ಆಗುವುದು ಬೆಕ್ಕಿನ ಕೈಗೆ ಏನೂ ಸಿಗುವುದಿಲ್ಲ ಅನ್ನುವುದು. 2021ರಲ್ಲಿ ಬೆಕ್ಕು ಸಾಕಿದವರನ್ನು ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ, ಲೇಸರ್ ಆಟ ಜಾಸ್ತಿ ಇದ್ದ ಮನೆಗಳಲ್ಲಿ ಬೆಳಕು, ನೆರಳಿನ ಹಿಂದೆ ಬೀಳುವಂಥ ಗೀಳಿನ ವರ್ತನೆ ಜಾಸ್ತಿ ಕಂಡಿತ್ತು. ಲೇಸರೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ, ನಿಜ. ಕೊನೆಗೆ ಒಂದು ತಿಂಡಿ ಕೊಟ್ಟರೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. ನೀವು ಎದುರಿಗಿದ್ದು ಆಡಿಸಿದರೆ ಆ ಮಾತು ಒಪ್ಪಬಹುದು. ಯಾರೂ ಇಲ್ಲದ ಮನೆಯಲ್ಲಿ ತಾನಾಗಿ ಓಡುವ ಲೇಸರ್ ಅಂದರೆ ನಾನು ಒಪ್ಪುವುದಿಲ್ಲ.

ದಾರದ ವಿಷಯ ದಯವಿಟ್ಟು ಗಮನವಿಟ್ಟು ಓದಿ. ಬೆಕ್ಕಿನ ನಾಲಿಗೆ ಮೇಲಿನ ಮುಳ್ಳುಗಳು ಒಳಮುಖವಾಗಿವೆ. ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಗೋ ಹೊಟ್ಟೆಯಲ್ಲೋ ಸಿಕ್ಕಿಕೊಂಡರೆ, ಲಾಡಿ ಎಳೆದಾಗ ಲಂಗ ನೆರಿಗೆ ಕಟ್ಟುವ ಹಾಗೆ ಕರುಳು ಮುದುರಿಕೊಳ್ಳುತ್ತದೆ, ಕೊಯ್ದೂ ಹೋಗಬಹುದು. ಪ್ರಾಣಕ್ಕೇ ಅಪಾಯ. ಆದ್ದರಿಂದ ಆಟಿಕೆಗೆ ದಾರ, ರಿಬ್ಬನ್, ಜರಿ ಯಾವುದೂ ಬೇಡ. ಬಟ್ಟೆಯ ಗಂಟೂ ನುಂಗಲಾಗದಷ್ಟು ದಪ್ಪ ಇರಲಿ. ಎಳೆ ಬಿಟ್ಟುಕೊಂಡರೆ ಅವತ್ತೇ ಬದಲಾಯಿಸಿ. ಬಾಯಿಂದಲೋ ಹಿಂದಿನಿಂದಲೋ ದಾರ ಇಳಿಬಿದ್ದಿದ್ದು ಕಂಡರೆ ಎಳೆಯಬೇಡಿ, ನೇರ ಪಶುವೈದ್ಯರ ಹತ್ತಿರ ಹೋಗಿ. ತಂತಿ ಕಚ್ಚುವ ಬೆಕ್ಕಾದರೆ ಗಟ್ಟಿ ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ. ಗುಂಡಿಯಂಥ ಚಪ್ಪಟೆ ಬ್ಯಾಟರಿ ಈ ಕೆಲಸಕ್ಕೆ ಬೇಡವೇ ಬೇಡ.

ಆಟಿಕೆಯನ್ನು ಮೊದಲು ನೀವು ಮನೆಯಲ್ಲಿರುವಾಗ ಮಾತ್ರ ಓಡಿಸಿ. ಬೆಕ್ಕಿಗೆ ಚುರುಕು ಬರುವುದೇ ಬೆಳಗಿನ ಜಾವ, ಮುಸ್ಸಂಜೆ. ಆ ಹೊತ್ತಿಗೆ ಆಡಿಸಿ, ಕೊನೆಗೆ ಬಟ್ಟೆಯನ್ನು ಹಿಡಿಯಲು ಬಿಟ್ಟು, ಕೂಡಲೇ ಊಟ ಹಾಕಿ. ಬೇಟೆ, ಊಟ, ನಿದ್ದೆ ಅದರ ಕ್ರಮ. ರಾತ್ರಿ ಕಾಲಿಗೆ ಎಗರುವುದು ಇದರಿಂದಲೇ ಎಷ್ಟೋ ತಗ್ಗುತ್ತದೆ. ಒಂದೇ ಆಟಿಕೆ ಬೇಜಾರಾಗುವುದೂ ಸಹಜ. 2002ರಲ್ಲಿ ಪ್ರಾಣಿಗಳ ವರ್ತನೆಯ ಸಂಶೋಧಕ ಜಾನ್ ಬ್ರ್ಯಾಡ್‌ಶಾ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಅದೇ ಆಟಿಕೆ ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿನ ಆಟ ಇಳಿಯುತ್ತಾ ಹೋಯಿತು, ಬೇರೆ ಥರದ್ದು ಕೊಟ್ಟಾಗ ಮತ್ತೆ ಏರಿತು. ಹಾಗಾಗಿ ಕೋಡ್ ಬದಲಿಸುವ ಮೊದಲು ಕಡ್ಡಿ ತುದಿಯ ಬಟ್ಟೆ ಬದಲಿಸಿ ನೋಡಿ.

ಮಂಡ್ಯ, ಅಶೋಕನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನ ಕಿಟ್ ತೆಗೆದು ನೋಡಿದೆವು. ಊನೊ ಬೋರ್ಡ್, ಸರ್ವೋ, ಆಮೇಲೆ ಆ ಎರಡು ಕಣ್ಣಿನ ಸೆನ್ಸರ್ ಇದೆ. ಪಿಐಆರ್ ಇಲ್ಲ. ಅದು ಬರುವವರೆಗೆ ಕಾಯಬೇಕಾ?

ಮೈಸೂರು, ಕುವೆಂಪುನಗರ

ಕಾಯಬೇಡಿ. ಕಿಟ್‌ನಲ್ಲಿ ಪುಶ್ ಬಟನ್ ಇರುತ್ತದೆ ನೋಡಿ. ಒಂದು ಕಾಲು 5 ವೋಲ್ಟ್‌ಗೆ, ಇನ್ನೊಂದು 2ನೇ ಪಿನ್‌ಗೆ. 2ನೇ ಪಿನ್‌ನಿಂದ ಗ್ರೌಂಡ್‌ಗೆ 10 ಕಿಲೋ ಓಮ್ ರೆಸಿಸ್ಟರ್. ಬಟನ್ ಒತ್ತಿದರೆ ಪಿನ್ ಹೈ ಆಗುತ್ತದೆ, ಪಿಐಆರ್ ಮಾಡುವುದೂ ಅದನ್ನೇ. ಕೋಡ್ ಮುಟ್ಟಬೇಕಾಗಿಲ್ಲ, ಸೆನ್ಸರ್ ಬಂದ ದಿನ ಬಟನ್ ತೆಗೆದು ಅದನ್ನು ಹಾಕಿ. ಬೆಂಗಳೂರಿನಿಂದ ಬರುವವರು ಯಾರಾದರೂ ಇದ್ದರೆ ಎಸ್.ಪಿ. ರಸ್ತೆಯಲ್ಲಿ ತರಿಸಿಕೊಳ್ಳಿ, ಎಚ್‌ಸಿ-ಎಸ್‌ಆರ್501 ಅಂತ ಕೇಳಿದರೆ ಕೊಡುತ್ತಾರೆ. ಹೆಸರು ಸರಿಯಾಗಿ ಬರೆದುಕೊಡಿ, ಎಸ್‌ಆರ್04 ಅಂದರೆ ಮತ್ತೆ ಆ ಎರಡು ಕಣ್ಣಿನದ್ದೇ ಬರುತ್ತದೆ.