ಜೀನ್ಸ್ ಹೊಲಿಗೆ ಘಟಕದಲ್ಲಿ ಅಂಗವೈಕಲ್ಯದ ಮೇಲೆ ತಮಾಷೆ: ನಿಯಮ ಹೇಗೆ ಬರೆಯೋದು?

ಪ್ರಶ್ನೆ: ಮುಂಡರಗಿ_ಫ್ಲೋರ್

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಸುಮಾರು ಅರವತ್ತು ಜನರ ಹಾಜರಿ ಮತ್ತು ಕೂಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಪೋಲಿಯೊದಿಂದ ಕಾಲು ಸೊರಗಿದ ಒಬ್ಬರು ಬಾರ್‌ಟ್ಯಾಕ್ (ಜೇಬಿನ ಮೂಲೆಯಂಥ ಕಡೆ ಗಟ್ಟಿ ಹೊಲಿಗೆ ಹಾಕೋ) ಮೆಷಿನ್ ಮೇಲಿದ್ದಾರೆ. ಕಿವಿ ಕೇಳದ ಇಬ್ಬರು ದಾರ ಕತ್ತರಿಸುವ ಟೇಬಲ್‌ನಲ್ಲಿ, ಮಾತು ತೊದಲುವ ಒಬ್ಬರು ಪ್ಯಾಕಿಂಗ್‌ನಲ್ಲಿ. ಇವರನ್ನು ಹೆಸರು ಹಿಡಿದು ಕರೆಯುವವರೇ ಕಡಿಮೆ; ಕುಂಟ, ಕೆಪ್ಪ, ತೊದಲ ಅಂತಲೇ ಕೂಗು. "ಸಲಿಗೆಯಿಂದ ಅಂತೀವಿ, ಅವರೂ ನಗ್ತಾರೆ" ಅನ್ನೋದು ಉಳಿದವರ ಉತ್ತರ. ಬಾರ್‌ಟ್ಯಾಕ್‌ನವರು ತಮ್ಮ ಕಾಲಿನ ಬಗ್ಗೆ ತಾವೇ ಚಟಾಕಿ ಹಾರಿಸ್ತಾರೆ. "ಅವನಂದ್ರೆ ತಪ್ಪಿಲ್ಲ, ನಾವಂದ್ರೆ ತಪ್ಪಾ?" ಅಂತ ಕೇಳ್ತಾರೆ. ಮಾಲೀಕರು ಒಂದು ನಿಯಮ ಬರೆದು ತರಲು ಹೇಳಿದ್ದಾರೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು? ಕಾನೂನು ಏನನ್ನುತ್ತೆ? ಮೇಸ್ತ್ರಿಗಳು ಇದನ್ನು ಪಾಲಿಸೋ ಹಾಗೆ ಮಾಡೋದು ಹೇಗೆ?

ಉತ್ತರ 1: ಕೌಲ್‌ಬಜಾರ್_ಲೈನ್

ಮೊದಲು "ಅವನೇ ಅಂದ್ಕೊಳ್ತಾನಲ್ಲ" ಅನ್ನೋ ವಾದ ನೋಡೋಣ. ಸಿನಿಮಾದಲ್ಲಿ ಅಂಗವಿಕಲರನ್ನು ತೋರಿಸುವ ರೀತಿಯ ಬಗ್ಗೆ ಅಂಗವಿಕಲರ ಹಕ್ಕುಗಳ ಹೋರಾಟಗಾರ ನಿಪುನ್ ಮಲ್ಹೋತ್ರಾ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ಎರಡು ಬಗೆಯ ಹಾಸ್ಯವನ್ನು ಬೇರ್ಪಡಿಸಿತು. ಒಂದು, ಅಂಗವೈಕಲ್ಯದ ಬಗ್ಗೆ ಜನರಿಗಿರುವ ತಪ್ಪು ತಿಳಿವಳಿಕೆಯನ್ನು ಅಲುಗಾಡಿಸುವ ಹಾಸ್ಯ. ಇನ್ನೊಂದು, ಅಂಗವಿಕಲರನ್ನೇ ಕೀಳು ಮಾಡುವ ಹಾಸ್ಯ. ಆ ತೀರ್ಪಿನ ಮಾರ್ಗಸೂಚಿ ದೃಶ್ಯ ಮಾಧ್ಯಮಕ್ಕೆ ಬರೆದದ್ದು, ಆದರೂ ಈ ಅಳತೆ ಹೊಲಿಗೆ ಲೈನ್‌ಗೂ ಸರಿಹೊಂದುತ್ತೆ. "ಈ ಮೆಟ್ಟಿಲು ಕಟ್ಟಿದವನಿಗೆ ನನ್ನ ಕಾಲು ಕೊಟ್ಟು ಒಂದಿನ ಹತ್ತಿಸಬೇಕು" ಅಂತ ಬಾರ್‌ಟ್ಯಾಕ್‌ನವರು ಅಂದರೆ ನಗು ಮೆಟ್ಟಿಲಿನ ಮೇಲಿದೆ. "ಇವನು ಊಟಕ್ಕೆ ಇಳಿದು ಬರೋದ್ರೊಳಗೆ ಪಗಾರದ ದಿನ ಬರುತ್ತೆ" ಅಂತ ಪಕ್ಕದವರು ಅಂದರೆ ನಗು ಬಾರ್‌ಟ್ಯಾಕ್‌ನವರ ಮೇಲೆ.

ಎರಡನೇ ಅಳತೆ, ಆ ಮಾತನ್ನು ಬೇಡ ಅನ್ನೋ ಶಕ್ತಿ ಅವರಿಗಿದೆಯಾ ಅನ್ನೋದು. ಪೀಸ್ ರೇಟ್ (ಹೊಲಿದ ತುಂಡಿನ ಲೆಕ್ಕದಲ್ಲಿ ಕೂಲಿ) ಇರೋ ಕಡೆ ಬಂಡಲ್, ಅಂದರೆ ಹೊಲಿಯೋ ಬಟ್ಟೆಯ ಕಟ್ಟು, ಹಂಚೋದು ಮೇಸ್ತ್ರಿ. ಸುಲಭದ ಬಂಡಲ್ ಯಾರಿಗೆ, ಕಷ್ಟದ್ದು ಯಾರಿಗೆ ಅನ್ನೋದು ಅವರ ಕೈಯಲ್ಲಿರುವಾಗ ಮೇಸ್ತ್ರಿಯ ಜೋಕಿಗೆ ಯಾರು ನಗದೆ ಇರ್ತಾರೆ? ನಕ್ಕಿದ್ದನ್ನು ಒಪ್ಪಿಗೆ ಅಂತ ಲೆಕ್ಕ ಹಿಡೀಬೇಡಿ. ನಿಯಮ ಮೇಸ್ತ್ರಿಗಳಿಗೆ ಎಲ್ಲರಿಗಿಂತ ಬಿಗಿಯಾಗಿರಲಿ.

"ಎಲ್ಲರೊಂದಿಗೆ ಗೌರವದಿಂದ ವರ್ತಿಸಿ" ಅಂತ ಬರೆದರೆ ಅದು ಗೋಡೆ ಮೇಲೇ ಉಳಿಯುತ್ತೆ. ಯಾಕೆಂದರೆ ಯಾರು ಮುರಿದರು ಅಂತ ತೋರಿಸೋಕೆ ಬರಲ್ಲ. ಕಣ್ಣಿಗೆ ಕಾಣೋ ಕೆಲಸಗಳನ್ನೇ ಬರೆಯಿರಿ: ದೇಹದ ಊನ ಹಿಡಿದು ಕರೆಯೋದು, ನಡಿಗೆ, ಮಾತು, ಕೈಸನ್ನೆ ಅಣಕಿಸೋದು, ಊರುಗೋಲು, ಕ್ಯಾಲಿಪರ್ (ಕಾಲಿಗೆ ಆಸರೆಯ ಪಟ್ಟಿ), ಕಿವಿ ಮೆಷಿನ್ ಬಚ್ಚಿಡೋದು, ವಿಡಿಯೊ ತೆಗೆದು ಗ್ರೂಪಿಗೆ ಹಾಕೋದು, ಮದುವೆ, ಮಕ್ಕಳ ವಿಷಯ ಎತ್ತಿ ಆಡಿಕೊಳ್ಳೋದು. ಅರ್ಧ ಪುಟ ಸಾಕು. ದಪ್ಪ ಕನ್ನಡ ಅಕ್ಷರದಲ್ಲಿ, ಹಾಜರಿ ಹಾಕೋ ಜಾಗದಲ್ಲಿ ಅಂಟಿಸಿ. ತೆಲುಗು, ಉರ್ದು ಮಾತಾಡುವವರೂ ಲೈನ್‌ನಲ್ಲಿ ಇರ್ತಾರೆ, ಅವರ ಭಾಷೆಯಲ್ಲಿ ಒಮ್ಮೆ ಓದಿಸಿ. "ಕುರುಡಾ, ಹೊಲಿಗೆ ಬಿಟ್ಟಿದ್ದು ಕಾಣಲ್ವಾ?" ಅಂತ ಕಣ್ಣು ನೆಟ್ಟಗಿರುವವರನ್ನು ಬೈಯೋದೂ ಇದರಲ್ಲಿ ಸೇರಲಿ. ಮೇಸ್ತ್ರಿಗೆ ಬದಲಿ ಮಾತನ್ನೂ ಕೊಡಿ: "ಸ್ಟಿಚ್ ಬಿಟ್ಟಿದೆ, ಬಿಚ್ಚಿ ಹೊಲಿ."

ಆದರೆ ಗೋಡೆಗಿಂತ ಮೊದಲು ನಿಮ್ಮ ಪುಸ್ತಕ ತೆಗೆದು ನೋಡಿ. ಬಂಡಲ್ ಚೀಟಿ, ರೇಟ್ ಪುಸ್ತಕ, ಮೇಸ್ತ್ರಿ ಮೊಬೈಲಿನ ಕಾಂಟ್ಯಾಕ್ಟ್, ಎಲ್ಲೆಲ್ಲಿ ಅಡ್ಡಹೆಸರಿದೆಯೋ ಅಲ್ಲೆಲ್ಲ ನಿಜವಾದ ಹೆಸರು ಬರೆಸಿ. ಒಂದೇ ದಿನದಲ್ಲಿ ಆಗೋ ಕೆಲಸ ಇದು. ಬಂಡಲ್ ಕೊಡುವಾಗ ದಿನಕ್ಕೆ ಹತ್ತಾರು ಸಲ ಆ ಹೆಸರೇ ಬಾಯಿಗೆ ಬರುತ್ತೆ.

ಬಹಳ ಕಡೆ ಕೆಡೋದು ಸಭೆಯಲ್ಲಿ. ನಾಲ್ವರನ್ನೂ ಎಬ್ಬಿಸಿ ನಿಲ್ಲಿಸಿ "ನಿಮಗೆ ಬೇಜಾರಾಗುತ್ತಾ?" ಅಂತ ಎಲ್ಲರೆದುರು ಕೇಳ್ತಾರೆ. "ಇಲ್ಲ ಸರ್" ಅನ್ನೋದು ಬಿಟ್ಟು ಅವರಿಗೆ ಬೇರೆ ದಾರಿ ಇರಲ್ಲ, ಅದೇ ಉತ್ತರ ಮುಂದೆ ಎಲ್ಲರಿಗೂ ಪರವಾನಗಿ ಆಗುತ್ತೆ. ಒಬ್ಬೊಬ್ಬರನ್ನೇ, ಮೇಸ್ತ್ರಿ ಇಲ್ಲದ ಕಡೆ, "ನಿಮ್ಮನ್ನ ಏನಂತ ಕರೀಬೇಕು, ಏನಂತ ಕರೀಬಾರದು?" ಅಂತ ಕೇಳಿ.

ಶಿಕ್ಷೆ ಹೀಗಿರಲಿ: ಮೊದಲ ಸಲ ಅಲ್ಲೇ, ಒಂದೇ ವಾಕ್ಯದಲ್ಲಿ ತಡೆಯೋದು, ಎರಡನೇ ಸಲ ಲಿಖಿತ ಎಚ್ಚರಿಕೆ, ಮೂರನೇದಕ್ಕೆ ನೋಟಿಸ್ ಕೊಟ್ಟು, ಉತ್ತರ ಪಡೆದು ವಿಚಾರಣೆ. ಮನಬಂದಂತೆ ಕೂಲಿ ಮುರಿಯಬೇಡಿ. ಅದು ವೇತನ ಕಾನೂನಿಗೇ ವಿರುದ್ಧ, ಜೊತೆಗೆ ಆ ಸಿಟ್ಟೆಲ್ಲ ಅದೇ ನಾಲ್ವರ ಮೇಲೆ ತಿರುಗುತ್ತೆ.

ಉತ್ತರ 2: ರಾಯಚೂರು_ವಕಾಲತ್ತು

ಮೇಲಿನವರು ಹೇಳಿದ್ದು ಸರಿ. ಕಾನೂನಿನ ಭಾಗ ನಾನು ಸೇರಿಸುತ್ತೇನೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ನಿಮಗೆ ಬೇಕಾದ್ದು ಮುಖ್ಯವಾಗಿ ಎರಡು ಕಲಂ. ಕಲಂ 21ರ ಪ್ರಕಾರ ಖಾಸಗಿಯೂ ಸೇರಿ ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ, ಅದರ ಪ್ರತಿಯನ್ನು ಅಂಗವಿಕಲ ವ್ಯಕ್ತಿಗಳ ಆಯುಕ್ತರಲ್ಲಿ ನೋಂದಾಯಿಸಬೇಕು. 2017ರ ಕೇಂದ್ರ ನಿಯಮಗಳಂತೆ 20 ಅಥವಾ ಹೆಚ್ಚು ನೌಕರರಿರುವ ಕಡೆ ಆ ನೀತಿಯಲ್ಲಿ ಒಬ್ಬ ಸಂಪರ್ಕಾಧಿಕಾರಿಯ ನೇಮಕವೂ ಇರಬೇಕು. ನಿಮ್ಮಲ್ಲಿ ಅರವತ್ತು ಜನ, ಹಾಗಾಗಿ ಬಿಡಿ ನೋಟಿಸ್ ಅಂಟಿಸುವ ಬದಲು ಈ ನೀತಿಯನ್ನೇ ಬರೆದು, ಮಾತಿನ ನಿಯಮವನ್ನು ಅದರೊಳಗೆ ಸೇರಿಸಿ. ಅಧಿನಿಯಮದ ನಿಬಂಧನೆ ಮುರಿದರೆ ಕಲಂ 89ರಡಿ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡ.

ಕಲಂ 92 ನೇರವಾಗಿ ಬಾಯಿಮಾತಿಗೆ ತಗುಲುತ್ತೆ. ಅವಮಾನಿಸುವ ಉದ್ದೇಶದಿಂದ, ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಗವಿಕಲರನ್ನು ಬೇಕೆಂದೇ ಹೀಯಾಳಿಸಿದರೆ ಅಥವಾ ಬೆದರಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಸಜೆ, ಜೊತೆಗೆ ದಂಡ. ಕೇಸುಗಳು ಬಿದ್ದುಹೋಗುವುದು ಉದ್ದೇಶ ಮತ್ತು ಜಾಗ, ಈ ಎರಡರಲ್ಲೇ. "ಹೀಯಾಳಿಸಿದರು" ಅಂತ ಮಾತ್ರ ಬರೆದ ದೂರಿಗೆ ಬಲ ಇಲ್ಲ. ತಾರೀಖು, ಹೊತ್ತು, ಯಾವ ಲೈನ್, ಆಡಿದ ಮಾತು ಆಡಿದ ಹಾಗೇ, ಕೇಳಿಸಿಕೊಂಡವರು ಯಾರು, ಹಿಂದೆ ಬೇಡ ಅಂದಿದ್ದರೆ ಯಾವಾಗ, ಇಷ್ಟೂ ಇರಲಿ. ಒಮ್ಮೆ ಬೇಡ ಅಂದ ಮೇಲೂ ಮುಂದುವರಿಸಿದ್ದು ಉದ್ದೇಶಕ್ಕೆ ಒಳ್ಳೆಯ ಸಾಕ್ಷಿ. ಗ್ರೂಪಿನಲ್ಲಿ ಬಂದಿದ್ದರೆ ಅಳಿಸುವ ಮೊದಲು ನಂಬರ್, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಇದು ಸರ್ಕಾರಿ ಕಚೇರಿಯಾದರೆ ದಾರಿ ಬೇರೆ. ಅಲ್ಲಿ ಕಲಂ 23ರಂತೆ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ನೋಂದಾಯಿಸಿದ ಎರಡು ವಾರದೊಳಗೆ ವಿಚಾರಿಸಬೇಕು. ಸಮಾಧಾನ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ. ಖಾಸಗಿಯವರು ಪೊಲೀಸ್ ಠಾಣೆಗೆ ಅಥವಾ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಬರೆಯಬಹುದು. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತೆ, ಸಹಾಯವಾಣಿ 15100.

ಇನ್ನೊಂದು ಮಾತು. ಅಂಗವಿಕಲ ಹೆಣ್ಣುಮಕ್ಕಳ ಮೇಲಿನ ಜೋಕು ಬಹಳ ಸಲ ಮದುವೆ, ಮೈಕಟ್ಟಿನ ಕಡೆಗೇ ಹೋಗುತ್ತೆ. ಅದು ಲೈಂಗಿಕ ಕಿರುಕುಳವಾದರೆ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿಗೆ ಹೋಗಬೇಕಾದ ವಿಷಯ. ಹತ್ತು ಜನ ಇರುವ ಕಡೆಯೂ ಆ ಸಮಿತಿ ಕಡ್ಡಾಯ, ದೂರಿಗೆ ಮೂರು ತಿಂಗಳ ಗಡುವು. ಇದನ್ನೂ ಸಲಿಗೆ ಅಂತ ಮೇಸ್ತ್ರಿ ಮಟ್ಟದಲ್ಲೇ ಮುಗಿಸೋದು ದೊಡ್ಡ ಅನ್ಯಾಯ.

ಉತ್ತರ 3: ಕೈಮಾತು_ಕೊಪ್ಪಳ

ಕಿವಿ ಕೇಳದವರ ವಿಚಾರ ಸ್ವಲ್ಪ ಬ್ಯಾರೆ ಐತ್ರಿ. ಅವರಿಗೆ ಬೈಗುಳ ಕೇಳಂಗಿಲ್ಲ, ಅದಕ್ಕ ನೋವಿಲ್ಲ ಅಂತ ತಿಳ್ಕೊಂಡಿರ್ತಾರ. ಎಲ್ಲಾರೂ ತಮ್ಮ ಕಡೆ ನೋಡಿ ನಗೋದು ಕಾಣತೈತಿ, ಯಾಕ ನಕ್ಕರು ಅನ್ನೋದು ಗೊತ್ತಾಗಂಗಿಲ್ಲ. ಅದಕ್ಕ ನಿಯಮದಾಗ ಒಂದು ಸಾಲು ಹಾಕ್ರಿ: ಕೇಳಿದ್ರ, ಏನಂದ್ವಿ ಅನ್ನೋದನ್ನ ಬರೆದೋ ಸನ್ನಿ ಮಾಡೋ ತಿಳಿಸಬೇಕು, "ಏನಿಲ್ಲ, ಹೋಗ್" ಅನ್ನಬಾರದು.

ಹೊಲಿಗಿ ಘಟಕದಾಗ ದೊಡ್ಡ ಚಟ ಅಂದ್ರ ಕರಿಯಾಕ ದಾರದ ಕೋನ್, ಬಾಬಿನ್, ಬಟ್ಟಿ ತುಂಡು ಒಗಿಯೋದು. ಕೈಯಾಗ ಕತ್ತರಿ ಇರೋ ಟೇಬಲ್ ಅದು, ಬೆಚ್ಚಿಬಿದ್ರ ಬೆರಳು ಹೋಗತೈತಿ. ಎದುರಿಗೆ ಬಂದು ಕೈ ಬೀಸ್ರಿ, ಇಲ್ಲಾ ಹೆಗಲ ಮ್ಯಾಲ ಮೆಲ್ಲಕ ತಟ್ರಿ. ಟೇಬಲ್ ಮ್ಯಾಲ ಒಂದು ಬಲ್ಬ್ ಹಾಕಿ ಅದರ ಸ್ವಿಚ್ ಮೇಸ್ತ್ರಿ ಕಡಿ ಕೊಟ್ರ ಒಗಿಯೋ ನೆಪಾನೇ ಹೋಗತೈತಿ. ಅದೇ ಬಲ್ಬ್ ಊಟದ ಗಂಟಿಗೂ ಬೆಂಕಿ ಎಚ್ಚರಿಕೆಗೂ ಆಗತೈತಿ.

ಕಿವುಡರು ತಮ್ಮೊಳಗ ಒಬ್ಬರಿಗೊಬ್ಬರು ಸನ್ನಿ ಹೆಸರು ಇಟ್ಟಿರ್ತಾರ. ಗಲ್ಲದ ಮಚ್ಚಿ, ಗುಂಗುರು ಕೂದಲು ಹಿಂಗ ಮೈಮ್ಯಾಲಿನ ಗುರುತಿನಿಂದಾನೂ ಇರತೈತಿ. ಅದನ್ನ ನೋಡಿ "ಅವರೂ ಹಂಗ ಕರೀತಾರಲ್ಲ" ಅಂತ ಕೇಳೋರು ತಾವೇ ಹೆಸರು ಹುಟ್ಟಸಬಾರದು. ಅವರು ಹೇಳಿಕೊಟ್ಟ ಸನ್ನಿ ಕಲೀರಿ. "ಮೂಗ" ಅನ್ನೋದನ್ನೂ ಬಿಡ್ರಿ, ಅವರಿಗೆ ಭಾಷಿ ಐತಿ, ಅದು ಕೈಯಾಗ ಐತಿ.

ದೂರು ತಗೊಳ್ಳುವಾಗ ಪಕ್ಕದ ಟೇಬಲಿನವರನ್ನ ದುಭಾಷಿ ಮಾಡಬ್ಯಾಡ್ರಿ, ದೂರು ಅವರ ಮ್ಯಾಲೇ ಇದ್ರ? ಸನ್ನಿ ಭಾಷಿ ಬಲ್ಲ ಹೊರಗಿನವರನ್ನ ಕರೆಸ್ರಿ. ಯಾರೂ ಸಿಗದಿದ್ರ ವಿಡಿಯೊ ಕಾಲ್ ಮ್ಯಾಲ ಆದರೂ ನಡಸ್ರಿ. ಅವರು ಹೇಳಿದ್ದನ್ನ ವಿಡಿಯೊ ಮಾಡಿ ಇಟ್ಕೊಳ್ರಿ, ಅವರ ಒಪ್ಪಿಗಿ ಕೇಳಿ.

ಮುಂಡರಗಿ_ಫ್ಲೋರ್

ಮೂವರಿಗೂ ಧನ್ಯವಾದ. ಮಾತು ತೊದಲುವವರ ಹತ್ತಿರ ಯುಡಿಐಡಿ ಕಾರ್ಡ್ (ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ) ಇಲ್ಲ. ಅವರು ಈ ನಿಯಮದೊಳಗೆ ಬರ್ತಾರಾ?

ರಾಯಚೂರು_ವಕಾಲತ್ತು

ಅಧಿನಿಯಮದ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಮಾತಿನ ವೈಕಲ್ಯ ಅಂದರೆ ಧ್ವನಿಪೆಟ್ಟಿಗೆ ತೆಗೆದದ್ದು, ಮಿದುಳಿಗೆ ಪೆಟ್ಟಾಗಿ ಮಾತು ಹೋದದ್ದು, ಇಂಥ ಶಾಶ್ವತ ತೊಂದರೆಗಳು ಅನ್ನುವುದು ಅದರ ವಿವರಣೆ. ತೊದಲುವಿಕೆಯನ್ನು ಅದರೊಳಗೆ ತರುವುದು ಕಷ್ಟ. ಆದ್ದರಿಂದ ನಿಮ್ಮ ನಿಯಮದಲ್ಲಿ "ಕಾರ್ಡ್ ಇರುವವರಿಗೆ" ಅಂತ ಬರೆಯಲೇಬೇಡಿ. "ಯಾರದೇ ದೇಹ, ಮಾತು, ಮನಸ್ಸಿನ ಸ್ಥಿತಿ ಹಿಡಿದು" ಅಂತ ಬರೆಯಿರಿ, ಎಲ್ಲರೂ ಒಳಗೆ ಬರ್ತಾರೆ. ಕನಿಷ್ಠ ಶೇ. 40ರಷ್ಟು ವೈಕಲ್ಯ ಇರಬೇಕು ಅನ್ನುವ ಲೆಕ್ಕ ಮೀಸಲಾತಿಯಂಥ ಸೌಲಭ್ಯಗಳಿಗೆ; ಕಲಂ 92ರ ಅವಮಾನದ ಅಪರಾಧಕ್ಕೆ ಆ ಮಿತಿ ಇಲ್ಲ, ಅಂಗವಿಕಲ ವ್ಯಕ್ತಿ ಆಗಿದ್ದರೆ ಸಾಕು.

ಕೌಲ್‌ಬಜಾರ್_ಲೈನ್

ತೊದಲುವವರ ಮಾತನ್ನು ಮಧ್ಯೆ ಬಾಯಿ ಹಾಕಿ ಮುಗಿಸೋದನ್ನೂ ನಿಲ್ಲಿಸಿ. ಪ್ಯಾಕಿಂಗ್ ಎಣಿಕೆಯನ್ನು ಕೂಗಿ ಹೇಳಿಸೋ ಪದ್ಧತಿ ಇದ್ದರೆ ಸೈಜ್‌ವಾರು ಚೀಟಿಯಲ್ಲಿ ಬರೆದು ಕೊಡಲಿ. ಅಣಕಿಸೋರಿಗೆ ದಿನಾ ಅವಕಾಶ ಸಿಗೋದು ಆ ಎಣಿಕೆಯ ಹೊತ್ತಲ್ಲೇ. ಚೀಟಿ ಬಂದರೆ ಎಣಿಕೆ ತಪ್ಪೋದೂ ಕಡಿಮೆ ಆಗುತ್ತೆ.